ಗಿಡದ ಅಕ್ವೇರಿಯಂಗೆ ಟ್ಯೂಬ್‌ಲೈಟ್ ಹಾಕಕ್ಕೆ ಹೋಗಿ ಆರು ತಿಂಗಳು ಒದ್ದಾಡಿದ್ದು

ಮೊನ್ನೆ ಭಾನುವಾರ ಮಧ್ಯಾಹ್ನ ಒಂದೂವರೆಗೆ ಎರಡನೇ ಟ್ಯೂಬು ತಾನಾಗೇ ಹತ್ಕೊಳ್ತು, ನಾಲ್ಕೂವರೆಗೆ ತಾನಾಗೇ ಆಫ್ ಆಯ್ತು, ಮಿಣಮಿಣ ಇಲ್ಲ, ಸುಟ್ಟ ವಾಸನೆ ಇಲ್ಲ, ಕೈಗೆ ಜುಮ್ ಅನ್ನಲಿಲ್ಲ. ನಾನು ಅನ್ನ ತಿನ್ನೋದು ಬಿಟ್ಟು ತಟ್ಟೆ ಹಿಡ್ಕೊಂಡೇ ಟ್ಯಾಂಕ್ ಮುಂದೆ ನಿಂತಿದ್ದೆ. ಯುಗಾದಿ ಆದ ವಾರ ಶುರು ಮಾಡಿದ ಕೆಲಸ ಆಯುಧಪೂಜೆ ಹೊತ್ತಿಗೆ ಮುಗೀತು. ಯಾರನ್ನ ಕೇಳಿದ್ರೂ "ಎಲ್‌ಇಡಿ ಹಾಕ್ಕೊಳ್ಳಿ ಬಿಡಿ" ಅಂತ ಒಂದೇ ಮಾತು, ಟ್ಯೂಬಿನ ಬಗ್ಗೆ ಸರಿಯಾಗಿ ಹೇಳೋರೇ ಸಿಗಲಿಲ್ಲ. ನನ್ನ ಥರ ಹಳೇ ಹುಡ್ (ಟ್ಯಾಂಕಿನ ಮೇಲೆ ಲೈಟ್ ಕೂರಿಸೋ ಮುಚ್ಚಳ) ಇಟ್ಕೊಂಡು ಕೂತಿರೋರು ಇನ್ನೂ ಇರ್ತೀರ, ನಿಮಗೆ ಆಗ್ಲಿ ಅಂತ ಬರೀತಿದೀನಿ.

ಟ್ಯಾಂಕ್ ನಂದಲ್ಲ ಮೊದಲು. ಆಫೀಸಲ್ಲಿ ಜೊತೆಗಿದ್ದೋರಿಗೆ ಹುಬ್ಬಳ್ಳಿಗೆ ಟ್ರಾನ್ಸ್‌ಫರ್ ಆಯ್ತು, ಅವರು "ತಗೊಂಡ್ ಹೋಗಿ ಮಾರಾಯ್ರೆ, ಲಾರಿಗೆ ಹಾಕಿದ್ರೆ ಒಡೆದೋಗುತ್ತೆ" ಅಂತ ಕೊಟ್ರು. ನಾಲ್ಕಡಿ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರ, ತುಂಬಿದ್ರೆ ಹತ್ತಿರತ್ತಿರ 255 ಲೀಟರು. ಮೇಲೆ ಬಡಗಿ ಕೈಲಿ ಮಾಡಿಸಿದ ಮರದ ಹುಡ್ಡು, ಎಂಥಾ ಚೆಂದ ಕೆಲಸ ಅಂದ್ರೆ ಅದನ್ನ ಬಿಸಾಕಕ್ಕೆ ಮನಸ್ಸೇ ಬರಲಿಲ್ಲ, ಎಲ್ಲಾ ತಾಪತ್ರಯಕ್ಕೂ ಮೂಲ ಆ ಹುಡ್ಡೇ. ಒಳಗೆ ಎರಡಡಿ ಪಿಂಕ್ ಟ್ಯೂಬ್ ಒಂದಿತ್ತು. ಮೀನು ಕೆಂಪಗೆ ಹೊಳೀತಿದ್ವು, ಗಿಡ ಸಾಯ್ತಿದ್ವು. ರೊಟಾಲಾ ಬೆಳಕು ಹುಡುಕ್ಕೊಂಡು ದಾರದ ಥರ ಉದ್ದ ಬಂದು ಕೆಳಗಿನ ಎಲೆ ಎಲ್ಲಾ ಉದುರಿಸ್ತು, ವ್ಯಾಲಿಸ್ನೇರಿಯಾ ಕರಗಿ ಲೋಳೆ ಆಯ್ತು, ಕ್ರಿಪ್ಟೋ ಒಂದು ಮಾತ್ರ ಹೆಂಗೋ ಜೀವ ಹಿಡ್ಕೊಂಡಿತ್ತು.

ಸರಿ, ಬೆಳಕು ಸಾಲ್ತಿಲ್ಲ ಅಂತ ಗೊತ್ತಾಯ್ತು. ನಾಲ್ಕಡಿ ಟ್ಯಾಂಕಿಗೆ ನಾಲ್ಕಡಿ ಟ್ಯೂಬು, ಇದಕ್ಕೇನು ತಲೆ ಬೇಕು ಅಂತ ಮೈಸೂರಿನ ಕುವೆಂಪುನಗರದಿಂದ ಸೀದಾ ಶಿವರಾಂಪೇಟೆಗೆ ಹೋದೆ. ಮೊದಲ ಅಂಗಡೀಲಿ ನಕ್ಕೇ ಬಿಟ್ರು, "ಟ್ಯೂಬಾ? ಈಗ ಯಾರ್ ಸಾರ್ ಹಾಕ್ತಾರೆ". ಮೂರನೇ ಅಂಗಡೀಲಿ ಅಟ್ಟದ ಮೇಲಿಂದ ಧೂಳು ಒರೆಸಿ 36 ವ್ಯಾಟಿಂದು ಎರಡು ಇಳಿಸಿದ್ರು, ಪಟ್ಟಿ ಸಮೇತ 760 ರೂಪಾಯಿ. ಒಂದು ಪುಣ್ಯ, ಡಬ್ಬಿ ಮೇಲೆ 865 ಅಂತ ಇತ್ತು. ಈ ನಂಬರ್ ನೋಡೋದು ಕಲ್ತುಕೊಳ್ಳಿ. ಮೊದಲ 8 ಅಂದ್ರೆ ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋ ಲೆಕ್ಕದಲ್ಲಿ 80ರ ಮೇಲೆ, ಕೊನೆಯ 65 ಅಂದ್ರೆ 6500 ಕೆಲ್ವಿನ್, ಹಗಲು ಬೆಳಕಿನ ಥರ. ಮಾಮೂಲಿ ಮನೆಗೆ ಹಾಕ್ತಿದ್ದ ಅಗ್ಗದ ಟ್ಯೂಬು 765. ಅದೇ ಕರೆಂಟು ತಿಂದು ಕಮ್ಮಿ ಬೆಳಕು ಕೊಡುತ್ತೆ. 840 ಆದ್ರೂ ಗಿಡಕ್ಕೆ ಏನೂ ತೊಂದ್ರೆ ಇಲ್ಲ, ನೋಡಕ್ಕೆ ಸ್ವಲ್ಪ ಹಳದಿ ಅಷ್ಟೆ. ಕೆಲ್ವಿನ್ ಅನ್ನೋದು ಮುಖ್ಯವಾಗಿ ನಮ್ಮ ಕಣ್ಣಿಗೆ, ಗಿಡ ಡಬ್ಬಿ ಓದಲ್ಲ.

ಮನೆಗೆ ಬಂದು ಹುಡ್ ಒಳಗೆ ಇಡಕ್ಕೆ ಹೋದ್ರೆ ಟ್ಯೂಬು ಹೋಗ್ತಿಲ್ಲ! ಓರೆ ಮಾಡಿದೆ, ತಿರುಗಿಸಿದೆ, ಏನ್ ಮಾಡಿದ್ರೂ ಇಲ್ಲ. ಟೇಪ್ ಹಿಡಿದು ನೋಡಿದ್ರೆ, ಪಿನ್ನು ಸೇರಿ ಟ್ಯೂಬೇ 1213 ಮಿಲಿಮೀಟರ್, ಎರಡೂ ಕಡೆ ಹೋಲ್ಡರ್ ಹಾಕಿದ್ರೆ ಇನ್ನೂ ಜಾಸ್ತಿ. ನಾಲ್ಕಡಿ ಅಂದ್ರೆ 1219, ಅದು ಟ್ಯಾಂಕಿನ ಹೊರಗಿನ ಅಳತೆ. ಹುಡ್ಡಿನ ಮರದ ದಪ್ಪ ಕಳೆದ್ರೆ ಒಳಗೆ 1190 ಇತ್ತು. ವಾಪಸ್ ತಗೊಂಡ್ ಹೋದ್ರೆ ಡಬ್ಬಿ ಬಿಚ್ಚಿದ್ದೀರ, ಆಗಲ್ಲ ಅಂದ್ರು. ನನ್ನದೇ ತಪ್ಪು. ಅಳತೆ ತಗೊಂಡ್ ಹೋಗಬೇಕಿತ್ತು, ಅದೂ ಹುಡ್ಡಿನ ಒಳಗಿನ ಅಳತೆ.

ಇದನ್ನ ಅಮ್ಮ ಫೋನಲ್ಲಿ ಮಂಡ್ಯದ ಮಾವನ ಹತ್ರ ಹೇಳ್ಕೊಂಡು ನಕ್ಕಿದಾಳೆ. ಮಾವ ಮೂವತ್ತು ವರ್ಷ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದೋರು, ಈಗ ಮುಚ್ಚಿ ಎರಡು ಹಸು ಸಾಕ್ಕೊಂಡವ್ರೆ. ಅವತ್ತೇ ಸಂಜೆ ಫೋನ್ ಬಂತು. "ಏನ್ ಅಳಿಯ, ನಾಲ್ಕಡಿ ತೊಟ್ಟಿಗೆ ನಾಲ್ಕಡಿ ಟ್ಯೂಬ್ ತುರುಕಕ್ಕೆ ಹೋಗಿದ್ಯಂತೆ? ಬಾ ಇಲ್ಲಿ, ಟಿ5 ಅವೆ ಅಟ್ಟದ ಮೇಲೆ." ಯಾವುದೋ ಆಫೀಸಿನ ಆರ್ಡರ್ ಕ್ಯಾನ್ಸಲ್ ಆಗಿ ಉಳಿದಿದ್ದ ಮಾಲಂತೆ. ಭಾನುವಾರ ಬಸ್ ಹತ್ತಿ ಹೋದೆ. ಮುದ್ದೆ ಬಸ್ಸಾರು ಆದ್ಮೇಲೆ ಅಟ್ಟ ಹತ್ತಿಸಿದ್ರು.

ಮಾವ ಹೇಳಿದ ಪಾಠ ಇದು. ಟಿ ಮುಂದಿನ ನಂಬರು ಟ್ಯೂಬಿನ ದಪ್ಪ, ಇಂಚಲ್ಲಿ ಎಂಟನೇ ಒಂದು ಭಾಗದ ಲೆಕ್ಕ. ಟಿ12 ಅಂದ್ರೆ ಒಂದೂವರೆ ಇಂಚು, ನಮ್ಮ ಅಜ್ಜನ ಕಾಲದ 40 ವ್ಯಾಟಿಂದು. ಟಿ8 ಒಂದು ಇಂಚು. ಟಿ5 ಬೆರಳು ದಪ್ಪ, 16 ಮಿಲಿಮೀಟರು. ಟಿ5 ನಾಲ್ಕಡಿ ಅಂತ ಕರೆದ್ರೂ ಪಿನ್ನು ಬಿಟ್ಟು ಇರೋದು 1149 ಮಿಲಿಮೀಟರು, ಹಂಗಾಗಿ ನನ್ನ ಹುಡ್ಡೊಳಗೆ ಆರಾಮಾಗಿ ಕೂತ್ಕೊಳ್ಳುತ್ತೆ. ಆಮೇಲೆ ಚೋಕಿನ ಬಗ್ಗೆ ಕೇಳ್ದೆ, ಹಳೇ ಕಾಪರ್ ಚೋಕು ಸ್ಟಾರ್ಟರ್ ನಮ್ಮ ಮನೇಲೇ ಒಂದಿದೆ ಅದನ್ನ ಹಾಕ್ಲಾ ಅಂತ. ಮಾವ ಹಣೆ ಚಚ್ಕೊಂಡ್ರು.

"ಟ್ಯೂಬು ಬಲ್ಬಲ್ಲ ಕಣಪ್ಪ. ಬಲ್ಬಿಗೆ ಕರೆಂಟ್ ಕೊಟ್ರೆ ಅದಕ್ ಬೇಕಾದಷ್ಟು ಎಳ್ಕತದೆ. ಟ್ಯೂಬು ಒಂದ್ ಸಲ ಹತ್ಕತು ಅಂದ್ರೆ ಎಷ್ಟ್ ಕೊಟ್ರೂ ಸಾಲ್ದು, ಇನ್ನೂ ಇನ್ನೂ ಎಳ್ದು ಸುಟ್ಟೋಯ್ತದೆ. ಟ್ಯೂಬು ಹೋರಿ ಇದ್ದಂಗೆ, ಚೋಕು ಮೂಗ್ದಾರ. ಹೋರಿ ನೋಡಿ ಮೂಗ್ದಾರ ಹಾಕ್ಬೇಕು."

ಅವತ್ತು ತಲೆ ಆಡಿಸಿದೆ, ಅರ್ಥ ಆಗಿದ್ದು ಆಮೇಲೆ ದುಡ್ಡು ಹೋದಾಗ. 28 ವ್ಯಾಟಿನ ಎರಡು ಟ್ಯೂಬು, ಅದರದ್ದೇ ಎಲೆಕ್ಟ್ರಾನಿಕ್ ಚೋಕು ಎರಡು ಕೊಟ್ರು, ಬಿಟ್ಟಿ. ನನ್ನ 36 ವ್ಯಾಟಿನ ಪಟ್ಟಿ ಎರಡೂ ಅವರ ಕೊಟ್ಟಿಗೆಗೆ ಹೋದ್ವು, ಹಸುಗಳಿಗೆ ಈಗ ಹಗಲಿನಂಥ ಬೆಳಕು.

ಇಲ್ಲಿಗೆ ನಿಲ್ಲಿಸಿದ್ರೆ ಈ ಬರಹಾನೇ ಇರ್ತಿರಲಿಲ್ಲ. 28ರ ಎರಡು ಟ್ಯೂಬಲ್ಲಿ ಮೂರು ವಾರಕ್ಕೆ ಕ್ರಿಪ್ಟೋ ಹೊಸ ಎಲೆ ಬಿಡ್ತು, ಹೊಸದಾಗಿ ನೆಟ್ಟ ವ್ಯಾಲಿಸ್ನೇರಿಯಾ ಬೇರು ಹಿಡೀತು, ಅನುಬಿಯಾಸ್, ಜಾವಾ ಮಾಸ್‌ಗೆ ಇಷ್ಟು ಧಾರಾಳ ಸಾಕು. ಗಿಡಕ್ಕೆ ಅಂತ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಡದೇ ಇರೋರು ದಯವಿಟ್ಟು ಇಲ್ಲೇ ನಿಂತುಬಿಡಿ. ನಂಗೆ ಮಾತ್ರ ರೊಟಾಲಾ ಕೆಂಪಗಾಗ್ಬೇಕು ಅಂತ ಹಠ. ಅಷ್ಟೊತ್ತಿಗೆ 54 ವ್ಯಾಟಿನ ಟಿ5 ಇದೆ ಅಂತ ಗೊತ್ತಾಯ್ತು, ಅದೇ ಉದ್ದ, ಅದೇ ದಪ್ಪ, ಅದೇ ಪಿನ್ನು. ಆನ್‌ಲೈನಲ್ಲಿ ನಾಲ್ಕು ಆರ್ಡರ್ ಮಾಡಿದೆ, 1640 ರೂಪಾಯಿ. ಹನ್ನೆರಡು ದಿನ ಕಾದೆ. ಪಾರ್ಸಲ್ ಅಲ್ಲಾಡಿಸಿದ್ರೆ ಒಳಗೆ ಬಳೆ ಚೂರಿನ ಶಬ್ದ.

ಎರಡು ಪುಡಿ ಆಗಿದ್ವು. ವಾಪಸ್ ದುಡ್ಡು ಕೇಳಿದ್ರೆ ಪಾರ್ಸಲ್ ಬಿಚ್ಚೋ ವೀಡಿಯೋ ಕಳಿಸಿ ಅಂದ್ರು, ಬಿಲ್ಲು, ಡಬ್ಬಿ ಫೋಟೋ, ಲೇಬಲ್ ಫೋಟೋ ಎಲ್ಲಾ ಕಳಿಸಿದೆ, ವೀಡಿಯೋ ಇರಲಿಲ್ಲ, ಒಂಬತ್ತು ದಿನ ಆಟ ಆಡಿಸಿ ಕ್ಲೇಮ್ ರಿಜೆಕ್ಟ್. ಗಾಜಿನ ಸಾಮಾನು ತರಿಸೋದಾದ್ರೆ ಫೋನ್ ಆನ್ ಮಾಡ್ಕೊಂಡೇ ಕತ್ತರಿ ಹಿಡೀರಿ. ಇನ್ನೊಂದು, ಟ್ಯೂಬು ಒಡೆದ್ರೆ ಪೊರಕೆ, ವ್ಯಾಕ್ಯೂಮ್ ಮುಟ್ಟಬೇಡಿ. ಒಳಗೆ ಕೆಲವೇ ಮಿಲಿಗ್ರಾಂ ಪಾದರಸ ಇರೋದು, ಆದ್ರೂ ಇರುತ್ತೆ. ಮಕ್ಕಳನ್ನ ಆಚೆ ಕಳಿಸಿ ಕಿಟಕಿ ತೆಗೆದು ಕಾಲು ಗಂಟೆ ರೂಮು ಬಿಟ್ಟುಬಿಡಿ, ಆಮೇಲೆ ಗಟ್ಟಿ ರಟ್ಟಲ್ಲಿ ಚೂರು ಗೋರಿ, ಸಣ್ಣ ಪುಡಿಗೆ ಟೇಪ್ ಒತ್ತಿ ತೆಗೆದು, ಒದ್ದೆ ಪೇಪರಲ್ಲಿ ಒರೆಸಿ ಎಲ್ಲಾ ಕವರಿಗೆ ಹಾಕಿ ಬಾಯಿ ಮುಚ್ಚಿ.

ಉಳಿದ ಎರಡನ್ನ ಮಾವ ಕೊಟ್ಟ 28ರ ಚೋಕಿಗೇ ಹಾಕಿದೆ. ಹತ್ಕೊಂಡ್ವು! ಖುಷಿಯಾಗಿ ಫೋಟೋ ತೆಗೆದೆ. ಆದ್ರೆ ನೋಡ್ತಾ ನೋಡ್ತಾ ಬೆಳಕು ಮೊದಲಿಗಿಂತ ಜಾಸ್ತಿ ಏನಿಲ್ವಲ್ಲ ಅನ್ನಿಸ್ತು, ಹೊಸದು ಬಿಸಿಯಾದ್ಮೇಲೆ ಸರಿ ಹೋಗುತ್ತೆ ಅಂತ ಸಮಾಧಾನ ಮಾಡ್ಕೊಂಡೆ. ಎರಡೇ ವಾರಕ್ಕೆ ಎರಡೂ ತುದಿ ಮಸಿ ಹಿಡಿದಂಗೆ ಕಪ್ಪಾಯ್ತು, ಆಮೇಲೆ ಒಂದು ಮಿಣಮಿಣ ಶುರು ಮಾಡ್ತು.

ಫೋಟೋ ನೋಡಿ ಮಾವ, "ಮೂಗ್ದಾರ ಅಂದಿದ್ದು ಕಿವಿಗ್ ಬಿತ್ತಾ ಇಲ್ವಾ?" ಅಂದ್ರು. ವ್ಯಾಟು ಟ್ಯೂಬಿನ ಮೇಲೆ ಅಚ್ಚಾಗಿರ್ಬೋದು, ಎಷ್ಟು ಕರೆಂಟು ಹರೀಬೇಕು ಅನ್ನೋದು ಚೋಕಿನ ಕೈಲಿ. 28ರ ಚೋಕು ಕೊಡೋದು ಸುಮಾರು 0.17 ಆಂಪಿಯರು, 54ರ ಟ್ಯೂಬಿಗೆ ಬೇಕಾಗಿರೋದು 0.46. ಕಮ್ಮಿ ಕರೆಂಟಲ್ಲಿ ತುದಿಯ ಫಿಲಮೆಂಟು ಸರಿಯಾಗಿ ಕಾಯಲ್ಲ, ಅದರ ಮೇಲಿರೋ ಲೇಪ ಸಿಡಿದು ಗಾಜಿಗೆ ಅಂಟುತ್ತೆ, ಅದೇ ಆ ಮಸಿ. ಉಲ್ಟಾ ಮಾಡಿದ್ರೆ, ಅಂದ್ರೆ 54ರ ಚೋಕಿಗೆ 28ರ ಟ್ಯೂಬು ಹಾಕಿದ್ರೆ ಬೇಗ ಸುಟ್ಟೋಗುತ್ತೆ, ಒಳ್ಳೆ ಚೋಕಾದ್ರೆ ಆಫ್ ಆಗಿ ಕೂರುತ್ತೆ. ಎರಡು ಟ್ಯೂಬು ಪಾರ್ಸಲ್ಲಲ್ಲಿ ಹೋದ್ವು, ಎರಡು ನನ್ನ ಬುದ್ಧೀಲಿ ಹೋದ್ವು.

ಇಲ್ಲಿಂದ ಚೋಕಿನ ಬೇಟೆ. ಮೈಸೂರಲ್ಲಿ ಅಶೋಕ ರಸ್ತೆ, ಶಿವರಾಂಪೇಟೆ ಎಲ್ಲಾ ಸೇರಿ ಆರು ಅಂಗಡಿ ಸುತ್ತಿದೆ, 28ರದ್ದು ಇದೆ, 54ರದ್ದು ಇಲ್ಲ. ಒಬ್ರು "ಯಾವ್ದಾದ್ರೂ ಒಂದೇ ಸಾರ್, ನಡೆಯುತ್ತೆ" ಅಂದ್ರು, ಆ ಪಾಠಕ್ಕೆ ಆಗ್ಲೇ ಫೀಸು ಕಟ್ಟಿದ್ದೆ, ಸುಮ್ನೆ ಬಂದೆ. ಟ್ಯೂಬ್‌ಲೈಟಿಗೆ ಕಾಲ ಮುಗೀತಾ ಬಂತು ಅನ್ನೋದು ಬರೀ ಅಂಗಡಿಯೋರ ಮಾತಲ್ಲ. ಪಾದರಸದ ಬಗ್ಗೆ ದೇಶಗಳು ಮಾಡ್ಕೊಂಡಿರೋ ಮಿನಮಾಟಾ ಒಪ್ಪಂದದ 2023ರ ಸಭೇಲಿ ಹಳೇ ಥರದ ಉದ್ದ ಟ್ಯೂಬು ತಯಾರಿಸೋದು 2026ಕ್ಕೆ, ನಾವು ಹುಡುಕೋ 8ರಲ್ಲಿ ಶುರುವಾಗೋ ಥರದ್ದು 2027ಕ್ಕೆ ನಿಲ್ಲಿಸೋದು ಅಂತ ತೀರ್ಮಾನ ಆಗಿದೆ. ಹಂಗಾಗಿ ಈ ದಾರಿ ಹಿಡಿಯೋರು ಸ್ಪೇರ್ ಟ್ಯೂಬು ಎರಡು ಎತ್ತಿಟ್ಕೊಳ್ಳಿ. ಸೊನ್ನೆಯಿಂದ ಶುರು ಮಾಡೋರು ಎಲ್‌ಇಡಿಗೇ ಹೋಗಿ, ನನ್ನ ಹುಡ್ಡಿನ ಮೋಹ ನಿಮಗ್ಯಾಕೆ.

ಕೊನೆಗೆ ಒಂದು ಶನಿವಾರ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಎಸ್‌ಪಿ ರೋಡ್ ಸುತ್ತಿದೆ. ಅಲ್ಲಿ ಎರಡು ಆಯ್ಕೆ ಸಿಕ್ತು. ಎರಡು ಟ್ಯೂಬಿಗೆ ಸೇರಿ ಒಂದೇ ಚೋಕು 1300ಕ್ಕೆ, ಇಲ್ಲಾ ಒಂದೊಂದು ಟ್ಯೂಬಿಂದು ಎರಡು ಚೋಕು, ತಲಾ 900. ಐನೂರು ಉಳಿಸೋ ಆಸೆ ಆಯ್ತು. ಅಂಗಡಿ ಹುಡುಗ ಒಳ್ಳೆಯೋನು, "ಅಣ್ಣ, ಇದ್ರಲ್ಲಿ ಒಂದ್ ಟ್ಯೂಬ್ ಹೋದ್ರೆ ಇನ್ನೊಂದೂ ಆಫ್, ಒಂದೇ ಹಾಕ್ತೀನಿ ಅಂದ್ರೂ ಹತ್ತಲ್ಲ" ಅಂದ. ಬಿಡಿ ಬಿಡಿ ಎರಡು ತಗೊಂಡೆ. ಆಮೇಲೆ ಪಾಚಿ ಬಂದಾಗ ಆ ಹುಡುಗನ್ನ ನೆನೆಸ್ಕೊಂಡೆ. ಟ್ಯೂಬು ಎರಡು ಹೊಸದು 900 ರೂಪಾಯಿ, ರೈಲಲ್ಲಿ ಮಗು ಥರ ತೊಡೆ ಮೇಲೆ ಇಟ್ಕೊಂಡ್ ಬಂದೆ.

ಚೋಕಿನ ಲೇಬಲ್ ಓದೋದು ಹೇಳಿಬಿಡ್ತೀನಿ, ಇದೇ ಮುಖ್ಯ. 1×54 ಅಂತ ನೇರ ಬರೆದಿರ್ಬೇಕು, ಬರೀ ಟಿ5 ಅಂತಿದ್ರೆ ಸಾಲದು. ಟಿಸಿ ಅಂತ ಒಂದು ಚುಕ್ಕಿ ಪಕ್ಕ ಡಿಗ್ರಿ ಇರುತ್ತೆ, ನಂದು 70, ಆ ಜಾಗ ಅದಕ್ಕಿಂತ ಬಿಸಿ ಆಗಬಾರದು ಅಂತ. ಮುಚ್ಚಿದ ಹುಡ್ಡೊಳಗೆ ಬಿಸಿ, ಹಬೆ ಎರಡೂ ಇರುತ್ತೆ, ಚೋಕು ಅಲ್ಲಿ ಇಡ್ಲೇಬೇಡಿ. ಫಿಲಮೆಂಟನ್ನ ಮೊದಲು ಕಾಯಿಸಿ ಆಮೇಲೆ ಹತ್ತಿಸೋ ಥರದ ಚೋಕಾದ್ರೆ ದಿನಾ ಆನ್ ಆಫ್ ಮಾಡೋ ನಮಗೆ ಟ್ಯೂಬು ಬಾಳಿಕೆ ಬರುತ್ತೆ, ಆನ್ ಮಾಡಿದಾಗ ಒಂದು ಸೆಕೆಂಡ್ ತಡ ಆಗುತ್ತಲ್ಲ, ಅದೇ ಗುರುತು. ಒಳಗಿನ ಚಿತ್ರದಲ್ಲಿ ಯಾವ ಎರಡು ತಂತಿ ಗಿಡ್ಡ ಇರ್ಬೇಕು ಅಂತ ತೋರಿಸಿರ್ತಾರೆ, ನಾನು ಅದನ್ನ ನೋಡ್ದೆ ಚೋಕನ್ನ ಕೆಳಗೆ ಸ್ಟ್ಯಾಂಡಿನ ಕಬೋರ್ಡಲ್ಲಿಟ್ಟು ಎರಡು ಮೀಟರ್ ತಂತಿ ಎಳೆದೆ, ಟ್ಯೂಬು ಒಂದ್ಸಲ ಹತ್ತುತ್ತೆ ಒಂದ್ಸಲ ಇಲ್ಲ. ಹುಡ್ಡಿನ ಹಿಂದೆ ಗೋಡೆಗೆ ಮೊಳೆ ಹೊಡೆದು ಅಲ್ಲಿಗೆ ತಂದ್ಮೇಲೆ ಸರಿ ಹೋಯ್ತು. ನೀರು ನುಗ್ಗದ ರಬ್ಬರ್ ಹೋಲ್ಡರ್ ನಾಲ್ಕಕ್ಕೆ 480, ಮಂಡಿ ಮೊಹಲ್ಲಾದಲ್ಲಿ ಅಲ್ಯೂಮಿನಿಯಂ ಶೀಟ್ ತಗೊಂಡು ಬಗ್ಗಿಸಿದ್ದಕ್ಕೆ 450. ಈ ರಿಫ್ಲೆಕ್ಟರ್ ಬಿಡಬೇಡಿ, ಇಲ್ದಿದ್ರೆ ಅರ್ಧ ಬೆಳಕು ಹುಡ್ಡಿನ ಮರಕ್ಕೇ ಹೋಗುತ್ತೆ.

ಎಲ್ಲಾ ಜೋಡಿಸಿ ಆನ್ ಮಾಡಿ ಗಿಡ ಸರಿ ಮಾಡಕ್ಕೆ ನೀರಿಗೆ ಕೈ ಹಾಕಿದೆ, ಇನ್ನೊಂದು ಕೈ ರಿಫ್ಲೆಕ್ಟರ್‌ಗೆ ತಾಗ್ತು, ಜುಮ್ಮ್ ಅಂತು. ಬೆರಳಲ್ಲಿ ಗಾಯ ಇದ್ದಿದ್ದಕ್ಕೆ ಜಾಸ್ತಿನೇ ಗೊತ್ತಾಯ್ತು. ಅವತ್ತು ನಿಜಕ್ಕೂ ಭಯ ಆಯ್ತು, ದಿನಾ ಗಪ್ಪಿ ಮೀನಿಗೆ ಫುಡ್ ಹಾಕೋದು ಮಗಳೇ. ಎಲ್ಲಾ ಪ್ಲಗ್ ಕಿತ್ತು ಎಲೆಕ್ಟ್ರಿಷಿಯನ್ ಕರೆಸಿದೆ, ಬರಕ್ಕೆ ನಾಲ್ಕು ದಿನ. ನೋಡಿದ್ರೆ ನಾನು ಎರಡು ಪಿನ್ ಪ್ಲಗ್ ಹಾಕಿ ಚೋಕಿನ ಹಸಿರು ತಂತೀನ ಬಿಟ್ಟಿದ್ದೆ. ಆ ಚೋಕುಗಳ ಒಳಗಿರೋ ಫಿಲ್ಟರ್ ಸ್ವಲ್ಪ ಕರೆಂಟನ್ನ ಅರ್ಥಿಗೆ ಬಿಡುತ್ತೆ, ಅರ್ಥ್ ಕೊಟ್ಟಿಲ್ಲ ಅಂದ್ರೆ ಅದು ಬಾಡಿ ಮೇಲೆ, ಅಲ್ಲಿಂದ ಶೀಟ್ ಮೇಲೆ ಕೂತಿರುತ್ತೆ. ಮೂರು ಪಿನ್ ಹಾಕಿ ಶೀಟಿಗೂ ಅರ್ಥ್ ಕೊಟ್ಟ ಮೇಲೆ ಟೆಸ್ಟರ್ ಉರೀಲಿಲ್ಲ. ಕರೆಂಟ್ ಲೀಕಾದ್ರೆ ತಾನಾಗೇ ಆಫ್ ಆಗೋ 30 ಮಿಲಿಆಂಪಿಯರಿನ ಆರ್‌ಸಿಸಿಬಿನೂ ಹಾಕಿಸಿದೆ, ಕೂಲಿ ಸೇರಿ 2100. ಅದು ಹಾಕಿದ ಮಾರನೇ ದಿನ ಬೆಳಗ್ಗೆ ಟಪ್ ಅಂತ ಬಿತ್ತು, ಮತ್ತೆ ಟಪ್ಪು, ನಿನ್ನ ಮೀನಿನಿಂದ ಮನೆಗೆಲ್ಲಾ ಕತ್ತಲೆ ಅಂತ ಅಮ್ಮ ಶುರು ಮಾಡಿದ್ಲು. ಹುಡುಕಿದ್ರೆ ಟ್ಯಾಂಕಲ್ಲ, ಗೀಸರ್ ಕಾಯಿಲು ಲೀಕು! ಎಷ್ಟು ದಿನದಿಂದ ಅದರಲ್ಲಿ ಸ್ನಾನ ಮಾಡ್ತಿದ್ವೋ. ಟ್ಯಾಂಕಿನ ವೈರುಗಳನ್ನ ಪ್ಲಗ್‌ಗಿಂತ ಕೆಳಗೆ ಒಂದು ಜೋತು ಬಿಟ್ಟು ಮೇಲೆ ತನ್ನಿ, ನೀರು ಇಳಿದ್ರೆ ಆ ಜೋತಲ್ಲೇ ತೊಟ್ಟಿಕ್ಕುತ್ತೆ, ಸಾಕೆಟ್ಟಿಗೆ ಹೋಗಲ್ಲ.

ಆಮೇಲೆ ಪಾಚಿ. ಎರಡು 54 ದಿನಕ್ಕೆ ಹತ್ತು ಗಂಟೆ ಉರಿಸಿದೆ, ಮೂರನೇ ವಾರಕ್ಕೆ ಗಾಜೆಲ್ಲಾ ಹಸಿರು ಚುಕ್ಕಿ, ಅನುಬಿಯಾಸ್ ಅಂಚಲ್ಲಿ ಕರೀ ಗಡ್ಡದ ಥರ ಪಾಚಿ. ಇಷ್ಟು ಲೀಟರಿಗೆ ಇಷ್ಟು ವ್ಯಾಟ್ ಅಂತ ಹಳೇ ಲೆಕ್ಕ ಒಂದಿದೆ, ಅದು ದಪ್ಪ ಟ್ಯೂಬಿನ ಕಾಲದ್ದು, ರಿಫ್ಲೆಕ್ಟರ್ ಇರೋ ಟಿ5ಗೆ ನಂಬಬೇಡಿ. ಹಂಗೇ 54 ಅಂದ್ರೆ 28ರ ಡಬಲ್ ಬೆಳಕು ಅಂತಾನೂ ಅಲ್ಲ, ವ್ಯಾಟು ಹತ್ತಿರತ್ತಿರ ಡಬಲ್, ಬೆಳಕು ಸುಮಾರು ಒಂದೂ ಮುಕ್ಕಾಲು ಪಟ್ಟು. ಚೋಕು ಬೇರೆ ಬೇರೆ ಇದ್ದಿದ್ದು ಈಗ ಕೈ ಹಿಡೀತು. ಟೈಮರ್ ಎರಡು ತಂದೆ, 1040. ಒಂದು ಟ್ಯೂಬು ದಿನಕ್ಕೆ ಏಳು ಗಂಟೆ ಹೊತ್ತು, ಇನ್ನೊಂದು ಮಧ್ಯಾಹ್ನ ಮೂರೇ ಗಂಟೆ ಹೊತ್ತು. ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಾಯಿಸಿದೆ. ತಿಂಗಳಲ್ಲಿ ಪಾಚಿ ಹಿಂದೆ ಸರೀತು.

ಕರೆಂಟ್ ಬಿಲ್ಲಿನ ಮಾತು ಹೇಳ್ದೆ ಇದ್ರೆ ನನ್ನ ಹೆಂಡತಿ ಬಿಡಲ್ಲ. ಈಗ ದಿನಕ್ಕೆ 0.6 ಯೂನಿಟ್, ತಿಂಗಳಿಗೆ 18. ಎರಡನ್ನೂ ಹತ್ತು ಗಂಟೆ ಉರಿಸಿದಾಗ 36ರ ಹತ್ರ ಹೋಗಿತ್ತು. ಗೃಹಜ್ಯೋತೀಲಿ ನಮ್ಮ ಮನೆಗೆ ಹಳೇ ಸರಾಸರಿ ಮೇಲೆ ಹತ್ತು ಪರ್ಸೆಂಟ್ ಅಷ್ಟೇ ಅಲ್ವಾ ಬಿಡ್ತಿದ್ದಿದ್ದು, ಸೊನ್ನೆ ಬಿಲ್ಲು ಬರ್ತಿದ್ದ ಮನೆಗೆ ದುಡ್ಡಿನ ಬಿಲ್ಲು ಬಂತು. "ರೀ, ಅರಮನೆಗೆ ಲೈಟ್ ಹಾಕೋರೂ ಭಾನುವಾರ ಒಂದು ಗಂಟೆ ಹಾಕಿ ಆರಿಸ್ತಾರೆ" ಅಂದ್ಲು. ಹಾಳಾದ್ದೂ ಸೇರಿ ಒಟ್ಟು ಖರ್ಚು ಕೂಡಿದ್ರೆ 9170, ರೈಲು, ಬಸ್ಸು, ಗೀಸರ್ ಬಿಟ್ಟು. ಈ ದುಡ್ಡಿಗೆ ಎಲ್‌ಇಡಿನೇ ಬರ್ತಿತ್ತಲ್ಲ ಅಂತ ಅವಳು ಲೆಕ್ಕಾನೂ ಹಾಕಿ ತೋರಿಸಿದ್ಲು, ನನ್ನ ಹತ್ರ ಉತ್ತರ ಇಲ್ಲ.

ರೊಟಾಲಾ ತುದಿ ಕೆಂಪಗಾಗಿದೆ, ಪೂರ್ತಿ ಅಲ್ಲ, ತುದಿ ಮಾತ್ರ. ಆಯುಧಪೂಜೆ ದಿನ ಅಮ್ಮ ಬೈಕಿಗೆ, ಮಿಕ್ಸಿಗೆ ಕುಂಕುಮ ಇಟ್ಟು ಕೊನೆಗೆ ಗೋಡೆ ಮೇಲಿನ ಎರಡು ಚೋಕಿಗೂ ಒಂದೊಂದು ಬೊಟ್ಟು ಇಟ್ಲು. ಟಿಸಿ ಚುಕ್ಕಿ ಮೇಲೇ ಇಟ್ಟಿದಾಳೆ, ಒರೆಸಿಲ್ಲ ನಾನು.

ಮಾವನ ಅಟ್ಟದಲ್ಲಿ 28 ವ್ಯಾಟಿನ ಟ್ಯೂಬು ಇನ್ನೂ ಹನ್ನೊಂದು, ಚೋಕು ಆರು ಇವೆ. ಮೈಸೂರು ಮಂಡ್ಯ ಕಡೆ ನಾಲ್ಕಡಿ ಹುಡ್ ಇರೋರು ಬೇಕಿದ್ರೆ ಹೇಳಿ, ದುಡ್ಡು ತಗೊಳಲ್ಲ, ಆದ್ರೆ ಹೋರಿ ಮೂಗ್ದಾರದ ಕತೆ ಒಂದು ಸಲ ಪೂರ್ತಿ ಕೇಳ್ಬೇಕಾಗುತ್ತೆ.